ಅಪ್ಪನ ಕೀಮೋ ನಡೆಯುತ್ತಿದೆ, ಜೊತೆಗೆ ವಿಟಮಿನ್, ಗಿಡಮೂಲಿಕೆ ಮಾತ್ರೆ ಕೊಡಬಹುದಾ?

ಕಿಟಕಿಬೆಳಕು:

ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪನಿಗೆ 67 ವರ್ಷ. ದೊಡ್ಡ ಕರುಳಿನ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಯಿತು, ಗಾಯ ಚೆನ್ನಾಗಿ ಮಾಗಿತು. ಈಗ ಕೀಮೋ. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ ಮನೆಯಲ್ಲೇ 14 ದಿನ ಬೆಳಗ್ಗೆ ಸಂಜೆ ಕೆಪೆಸಿಟಬಿನ್ ಮಾತ್ರೆ, ಆಮೇಲೆ ಒಂದು ವಾರ ಬಿಡುವು. ಎರಡು ಸುತ್ತು ಮುಗಿದಿದೆ. ಮೂರನೆಯದು ಬರುವ ಸೋಮವಾರ.

ವಿಷಯ ಗೊತ್ತಾದ ದಿನದಿಂದ ನೆಂಟರು, ಸ್ನೇಹಿತರು ಒಬ್ಬೊಬ್ಬರೂ ಒಂದೊಂದು ಡಬ್ಬಿ ಕಳಿಸುತ್ತಿದ್ದಾರೆ. ಈಗ ಅಪ್ಪನ ಮಂಚದ ಪಕ್ಕದ ಮೇಜಿನ ಮೇಲೆ ಏಳು ಡಬ್ಬಿ ಇವೆ. ಮಲ್ಟಿವಿಟಮಿನ್, ವಿಟಮಿನ್ ಸಿ 1000 ಮಿಲಿಗ್ರಾಂ, ಕಾಳುಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್ (ಅರಿಶಿನದ ಸಾರ), ಮೀನೆಣ್ಣೆ ಕ್ಯಾಪ್ಸೂಲ್, ಗ್ರೀನ್ ಟೀ ಸಾರ, ಅಶ್ವಗಂಧ, ಮತ್ತೆ ಬೆರಳು ಜೋಮು ಹಿಡಿಯುವುದಕ್ಕೆ ಒಳ್ಳೆಯದು ಅಂತ ಅಸಿಟೈಲ್ ಕಾರ್ನಿಟಿನ್. ಇದರಲ್ಲಿ ಮಲ್ಟಿವಿಟಮಿನ್ ಮತ್ತು ವಿಟಮಿನ್ ಸಿ ಆಪರೇಷನ್ ಆದಾಗಿನಿಂದ ಕೊಡುತ್ತಿದ್ದೇನೆ. ಉಳಿದವು ಇನ್ನೂ ಶುರು ಮಾಡಿಲ್ಲ.

ಡಾಕ್ಟರಿಗೆ ಹೇಳಿಲ್ಲ. ಅವರು ಕೇಳಲಿಲ್ಲ, ನಾವೂ ಬಾಯಿಬಿಡಲಿಲ್ಲ. ಹೇಳಿದರೆ ಎಲ್ಲಾ ನಿಲ್ಲಿಸಿ ಅಂತಾರೆ ಅನ್ನುವ ಭಯ ಒಂದು. ಇನ್ನೊಂದು, ನಿಜ ಹೇಳುತ್ತೇನೆ, ಆಸ್ಪತ್ರೆಯಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ. ಡ್ರಿಪ್ ಹಾಕುವವರು ಹಾಕುತ್ತಾರೆ, ನಾನು ಕುರ್ಚಿಯಲ್ಲಿ ಕೂತಿರುತ್ತೇನೆ. ಮನೆಗೆ ಬಂದು ಆ ಎರಡು ಮಾತ್ರೆ ಅಪ್ಪನ ಅಂಗೈಗೆ ಹಾಕುವಾಗ ಮಾತ್ರ, ಮಗಳಾಗಿ ನಾನೂ ಏನೋ ಒಂದು ಮಾಡಿದೆ ಅನಿಸುತ್ತದೆ.

ಕೊಟ್ಟವರು, ಬಿಟ್ಟವರು, ತಿಳಿದವರು ಹೇಳಿ. ಯಾವುದು ಕೊಡಲಿ, ಯಾವುದು ಬಿಡಲಿ?

ಅಮ್ಮನಮಗ:

ಧೈರ್ಯವಾಗಿರಿ. ನನ್ನ ಅಮ್ಮನಿಗೆ ಕೀಮೋ ನಡೆದಾಗ ವಿಟಮಿನ್ ಸಿ, ವಿಟಮಿನ್ ಡಿ, ಶುಂಠಿ ಕ್ಯಾಪ್ಸೂಲ್ ಮೂರೂ ಕೊಟ್ಟೆವು. ಅಮ್ಮ ಈಗ ಆರಾಮಾಗಿದ್ದಾರೆ, ನಾಲ್ಕು ವರ್ಷ ಆಯಿತು. ಕೀಮೋ ಅನ್ನುವುದು ಒಳ್ಳೆ ಜೀವಕೋಶವನ್ನೂ ಸುಡುತ್ತದೆ, ಹಾಗಾಗಿ ದೇಹಕ್ಕೆ ಶಕ್ತಿ ತುಂಬಬೇಕು, ಅಷ್ಟೇ. ವಿಟಮಿನ್ ತಾನೇ, ವಿಷ ಅಲ್ಲವಲ್ಲ. ಡಾಕ್ಟರುಗಳಿಗೆ ಇದರಲ್ಲಿ ಆಸಕ್ತಿ ಕಡಿಮೆ, ಕೇಳಿದರೆ ಬೇಡ ಅಂದುಬಿಡುತ್ತಾರೆ. ಎಲ್ಲಾ ಏಳೂ ಬೇಡ, ಆದರೆ ಕೊಡುತ್ತಿರುವ ಎರಡನ್ನು ನಿಲ್ಲಿಸಬೇಡಿ ಅಂತ ನನ್ನ ಸಲಹೆ.

ಔಷಧಿಪೆಟ್ಟಿಗೆ:

ಕಿಟಕಿಬೆಳಕು, ನಾನು ಕ್ಯಾನ್ಸರ್ ವಿಭಾಗದಲ್ಲಿ ಫಾರ್ಮಸಿಸ್ಟ್. ಬಾಕಿ ಮಾತು ಆಮೇಲೆ. ಮೊದಲು ಒಂದು ಕೆಲಸ ಮಾಡಿ. ಮಲ್ಟಿವಿಟಮಿನ್ ಡಬ್ಬಿ ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿ ಫೋಲಿಕ್ ಆಸಿಡ್ ಅಥವಾ ಫೋಲೇಟ್ ಅಂತ ಇದೆಯಾ ನೋಡಿ. ಬಿ9 ಅಂತಲೂ ಬರೆದಿರಬಹುದು. ಎಷ್ಟು ಮೈಕ್ರೋಗ್ರಾಂ ಅಂತ ಹೇಳಿ.

ಯಾಕೆ ಕೇಳುತ್ತಿದ್ದೇನೆ ಅಂದರೆ, ಕೆಪೆಸಿಟಬಿನ್ ಮಾತ್ರೆ ದೇಹದೊಳಗೆ ಹೋದ ಮೇಲೆ 5-ಎಫ್‌ಯು ಅನ್ನುವ ಔಷಧಿಯಾಗಿ ಬದಲಾಗುತ್ತದೆ. ಜೀವಕೋಶ ಹೊಸ ಡಿಎನ್‌ಎ ಕಟ್ಟಲು ಬೇಕಾದ ಒಂದು ಕಿಣ್ವವನ್ನು ಅದು ಬೀಗ ಹಾಕಿ ನಿಲ್ಲಿಸುತ್ತದೆ. ಆ ಬೀಗ ಗಟ್ಟಿಯಾಗಿ ಕೂರುವುದಕ್ಕೆ ಫೋಲೇಟ್ ಸಹಾಯ ಮಾಡುತ್ತದೆ. ಫೋಲೇಟ್ ಜಾಸ್ತಿ ಇದ್ದಷ್ಟೂ ಬೀಗ ಬಿಗಿ. 5-ಎಫ್‌ಯು ಡ್ರಿಪ್ ಕೊಡುವಾಗ ಡಾಕ್ಟರುಗಳೇ ಬೇಕಂತ ಲ್ಯೂಕೋವೊರಿನ್ ಅನ್ನುವ ಫೋಲೇಟ್ ರೂಪವನ್ನು ಜೊತೆಗೆ ಕೊಡುತ್ತಾರೆ, ಆದರೆ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಡುತ್ತಾರೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದೆ ದಿನಾ ಫೋಲಿಕ್ ಆಸಿಡ್ ಹೋದರೆ ಆ ಲೆಕ್ಕ ತಪ್ಪುತ್ತದೆ. ಭೇದಿ, ಬಾಯಿಹುಣ್ಣು, ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು, ಎಲ್ಲವೂ ಹೆಚ್ಚಾಗಬಹುದು.

ಅಪ್ಪನಿಗೆ ಇದರಲ್ಲಿ ಯಾವುದಾದರೂ ಇದೆಯಾ?

ಅಮ್ಮನಮಗ ಅವರೇ, ನಿಮ್ಮ ಅಮ್ಮ ಚೆನ್ನಾಗಿರುವುದು ಸಂತೋಷ. ಆದರೆ ಅವರಿಗೆ ಯಾವ ಕೀಮೋ ಕೊಟ್ಟರು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. "ಕೀಮೋ ಜೊತೆ ವಿಟಮಿನ್ ಕೊಡಬಹುದಾ" ಅನ್ನುವ ಪ್ರಶ್ನೆಗೆ ಒಂದು ಉತ್ತರ ಇಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಪೆಮೆಟ್ರೆಕ್ಸೆಡ್ ಅಂತ ಒಂದು ಔಷಧಿ ಇದೆ. ಅದನ್ನು ಶುರು ಮಾಡುವ ಮೊದಲೇ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ಕೊಡಲೇಬೇಕು, ಕೊಡದಿದ್ದರೆ ರಕ್ತಕಣಗಳು ಅಪಾಯದ ಮಟ್ಟಕ್ಕೆ ಇಳಿಯಬಹುದು. ಅದೇ ಫೋಲಿಕ್ ಆಸಿಡ್. ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ತೊಂದರೆ.

ಕಿಟಕಿಬೆಳಕು:

ಈಗ ರಾತ್ರಿ ಹನ್ನೊಂದೂವರೆ. ಅಪ್ಪ ಮಲಗಿದ್ದಾರೆ. ಡಬ್ಬಿಯನ್ನು ಹೊರಗಿನ ಕೋಣೆಗೆ ತಂದು ಮೊಬೈಲ್ ಟಾರ್ಚ್ ಹಿಡಿದು ಓದಿದೆ. ಅಂಟಿಸಿದ ಕಾಗದದ ಅಂಚಿನಲ್ಲಿ, ಮಡಿಕೆ ಬಿದ್ದ ಜಾಗದಲ್ಲಿದೆ, ಉಗುರಿನಲ್ಲಿ ಸರಿಮಾಡಿ ನೋಡಬೇಕಾಯಿತು. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ. ದಿನಕ್ಕೊಂದು ಮಾತ್ರೆ ಅಂತ ಇದೆ. ನಾನು ಬೇಗ ಚೇತರಿಸಿಕೊಳ್ಳಲಿ ಅಂತ ದಿನಕ್ಕೆ ಎರಡು ಕೊಡುತ್ತಿದ್ದೆ.

ಅಪ್ಪನ ಅಂಗೈ ಕೆಂಪಾಗಿದೆ. ಎರಡನೇ ಸುತ್ತಿನ ಕೊನೆಯಿಂದ ಹೆಬ್ಬೆರಳ ಬುಡದಲ್ಲಿ ಚರ್ಮ ತೆಳ್ಳಗೆ ಕಾಗದದ ಹಾಗೆ ಏಳುತ್ತಿದೆ. ನಿನ್ನೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ನನ್ನನ್ನು ಕರೆದರು. ದಿನಕ್ಕೆ ನಾಲ್ಕೈದು ಸಲ ಭೇದಿಯೂ ಇದೆ. ಇದೆಲ್ಲಾ ಕೀಮೋದಿಂದ ಅಂತ ಅಂದುಕೊಂಡು ಸುಮ್ಮನಿದ್ದೆವು.

ನಾನೇ ಮಾಡಿದೆನಾ ಇದನ್ನು?

ಔಷಧಿಪೆಟ್ಟಿಗೆ:

ಇಲ್ಲ. ಹಾಗೆ ಹೇಳಲು ಯಾರಿಂದಲೂ ಆಗುವುದಿಲ್ಲ. ಒಂದೂ ವಿಟಮಿನ್ ಮುಟ್ಟದವರಿಗೂ ಕೆಪೆಸಿಟಬಿನ್‌ನಿಂದ ಅಂಗೈ ಹೀಗೆ ಸುಲಿಯುತ್ತದೆ, ತುಂಬಾ ಸಾಮಾನ್ಯ. ಫೋಲಿಕ್ ಆಸಿಡ್ ಸ್ವಲ್ಪ ಸೇರಿಸಿರಬಹುದು, ಸೇರಿಸದೆಯೂ ಇರಬಹುದು. ಆದರೆ ಅಂಗೈ, ಮಲ್ಟಿವಿಟಮಿನ್ ಎರಡೂ ವಿಷಯ ಡಾಕ್ಟರಿಗೆ ಗೊತ್ತಾಗಬೇಕು. ಯಾಕೆಂದರೆ ಅಂಗೈ ನೋಡಿ ಅವರು ಕೆಪೆಸಿಟಬಿನ್ ಪ್ರಮಾಣ ಇಳಿಸಬಹುದು. ಮಲ್ಟಿವಿಟಮಿನ್ ವಿಷಯ ಗೊತ್ತಿಲ್ಲದಿದ್ದರೆ, ಅಪ್ಪನಿಗೆ ಈ ಔಷಧಿ ಇಷ್ಟು ತಡೆಯುವುದಿಲ್ಲ ಅಂತಷ್ಟೇ ತಿಳಿದುಕೊಂಡು ಇಳಿಸುತ್ತಾರೆ. ಅದು ನೇರವಾಗಿ ಚಿಕಿತ್ಸೆಗೇ ತಟ್ಟುವ ವಿಷಯ.

ಬೆಳಗ್ಗೆ ಎದ್ದ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ. ಸೋಮವಾರದವರೆಗೆ ಕಾಯಬೇಡಿ, ಭೇದಿ ನಾಲ್ಕೈದು ಸಲ ಅಂದರೆ ಈಗಲೇ ಹೇಳಬೇಕಾದ ಮಾತು. ಮಲ್ಟಿವಿಟಮಿನ್, ವಿಟಮಿನ್ ಸಿ ಎರಡೂ ಅವರು ಹೇಳುವವರೆಗೆ ನಿಲ್ಲಿಸಿ. ಜ್ವರ ಬಂದರೆ, ತಲೆಸುತ್ತು ಬಂದರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಫೋನ್ ಅಲ್ಲ, ನೇರ ಕರೆದುಕೊಂಡು ಹೋಗಿ.

ಹಳೆಹೆಜ್ಜೆ:

ನಾನು ಮಗ ಅಲ್ಲ, ಮಗಳೂ ಅಲ್ಲ. ನಾನು ಆ ಮಂಚದ ಮೇಲೆ ಮಲಗಿದ್ದವನು. 71 ವರ್ಷ. ಗಂಟಲಿನ ಕ್ಯಾನ್ಸರ್, ರೇಡಿಯೇಷನ್ ಜೊತೆ ಕೀಮೋ, ಮುಗಿದು ಎರಡು ವರ್ಷ.

ನನ್ನ ಮಕ್ಕಳು ಚಿನ್ನದಂಥವರು. ಅವರೂ ಹೀಗೇ ಡಬ್ಬಿ ಸಾಲಾಗಿ ಇಟ್ಟಿದ್ದರು. ದಿನಕ್ಕೆ ಆಸ್ಪತ್ರೆಯ ಮಾತ್ರೆ ಆರು, ಮಕ್ಕಳ ಮಾತ್ರೆ ಹನ್ನೊಂದು. ರೇಡಿಯೇಷನ್ ಆದ ಗಂಟಲಲ್ಲಿ ಒಂದು ಮಾತ್ರೆ ಇಳಿಸುವುದು ಅಂದರೆ ಗಾಜಿನ ಚೂರು ನುಂಗಿದ ಹಾಗೆ. ಮೀನೆಣ್ಣೆಯ ಆ ದಪ್ಪ ಕ್ಯಾಪ್ಸೂಲ್ ಅರ್ಧಕ್ಕೆ ನಿಂತು ಕರಗಿ, ಅದರ ವಾಸನೆ ಮೇಲೆ ಬಂದು, ತಿಂದಿದ್ದ ನಾಲ್ಕು ಚಮಚ ಊಟವೂ ಹೊರಗೆ ಬರುತ್ತಿತ್ತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖ ನೋಡಿ ಬೇಡ ಅನ್ನಲು ಆಗುತ್ತಿರಲಿಲ್ಲ. ಕೆನ್ನೆಯೊಳಗೆ ಒತ್ತಿ ಇಟ್ಟುಕೊಂಡು, ಅವಳು ಹೋದ ಮೇಲೆ ದಿಂಬಿನ ಚೀಲದೊಳಗೆ ಹಾಕುತ್ತಿದ್ದೆ. ಒಂದು ದಿನ ದಿಂಬು ಒಗೆಯಲು ತೆಗೆದಾಗ ಎಲ್ಲಾ ಉದುರಿದವು. ಅವತ್ತು ಅವಳು ಅತ್ತಳು, ನಾನೂ ಅತ್ತೆ.

ಹಾಗಾಗಿ ಕಿಟಕಿಬೆಳಕು, ಒಂದು ಮಾತು. ಯಾವುದು ಕೊಡಲಿ ಅಂತ ನಮ್ಮೆಲ್ಲರನ್ನೂ ಕೇಳಿದಿರಿ. ಅಪ್ಪನನ್ನು ಕೇಳಿದ್ದೀರಾ?

ಮಳೆಬಿಲ್ಲು:

ಹಳೆಹೆಜ್ಜೆ ಅವರೇ, ನಿಮ್ಮದು ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ.

ನನ್ನ ಅಮ್ಮನ ಕಥೆ ಬೇರೆ ದಾರಿ ಹಿಡಿಯಿತು. ಸ್ತನ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎರಡೂ ಆಯಿತು. ಆಮೇಲೆ ಐದು ವರ್ಷ ಹಾರ್ಮೋನ್ ಮಾತ್ರೆ ತಗೊಳ್ಳಬೇಕಿತ್ತು. ಮೈಕೈ ನೋವು, ಬೆವರು, ನಿದ್ದೆ ಇಲ್ಲ ಅಂತ ಅಮ್ಮ ಬೇಸತ್ತಿದ್ದರು. ಆ ಹೊತ್ತಿಗೆ ಒಬ್ಬರು ಸಿಕ್ಕರು, ಹೆಸರು ಬೇಡ. ಮೊದಲು "ಮಾತ್ರೆ ಜೊತೆಗೆ ಇದೂ ಇರಲಿ" ಅಂದರು. ಮೂರು ತಿಂಗಳಾದ ಮೇಲೆ "ಎರಡೂ ಒಟ್ಟಿಗೆ ಇದ್ದರೆ ನಮ್ಮದು ಕೆಲಸ ಮಾಡಲ್ಲ" ಅಂದರು. ಅಮ್ಮ ನಮಗೆ ಹೇಳದೆ ಹಾರ್ಮೋನ್ ಮಾತ್ರೆ ಬಿಟ್ಟರು. ಒಂದೂವರೆ ವರ್ಷದ ಮೇಲೆ ಮೂಳೆಯಲ್ಲಿ ಕಾಣಿಸಿತು. ಮಾತ್ರೆ ತಗೊಂಡಿದ್ದರೆ ಬರುತ್ತಿರಲಿಲ್ಲವೇನೋ, ಬರುತ್ತಿತ್ತೇನೋ. ಆ ಪ್ರಶ್ನೆ ಜೊತೆಗೇ ಬದುಕುತ್ತಿದ್ದೇವೆ.

2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆಯ ಜೊತೆಗೆ ಗಿಡಮೂಲಿಕೆ, ವಿಟಮಿನ್ ಥರದ ಪೂರಕ ಪದ್ಧತಿ ಬಳಸಿದ 258 ಜನರನ್ನು, ಬಳಸದ 1032 ಜನರ ಜೊತೆ ಹೋಲಿಸಿದ್ದರು. ಬಳಸಿದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು. ಓದಿದಾಗ ಆ ಮಾತ್ರೆಗಳೇ ಕೊಂದವು ಅಂತ ಅನಿಸಿತು. ಆಮೇಲೆ ಪೂರ್ತಿ ಓದಿದೆ. ಅದಕ್ಕಿಂತ ನೋವಿನ ವಿಷಯ ಅಲ್ಲಿತ್ತು. ಪೂರಕ ಪದ್ಧತಿ ಹಿಡಿದವರಲ್ಲಿ 34 ಶೇಕಡಾ ಜನ ಡಾಕ್ಟರ್ ಹೇಳಿದ ಕೀಮೋ ಬೇಡ ಅಂದಿದ್ದರು, ಉಳಿದವರಲ್ಲಿ ಹಾಗಂದವರು 3 ಶೇಕಡಾ. ರೇಡಿಯೇಷನ್ ಬೇಡ ಅಂದವರು 53 ಶೇಕಡಾ, ಉಳಿದವರಲ್ಲಿ 2 ಶೇಕಡಾ. ಜೊತೆಗೆ ಅಂತ ಶುರುವಾದದ್ದು ಬದಲಿಗೆ ಅಂತ ಆಗಿಬಿಡುತ್ತದೆ. ನನ್ನ ಅಮ್ಮನಿಗೆ ಆದದ್ದೂ ಅದೇ.

ನಿಮ್ಮ ಅಪ್ಪ ಹಾಗೆ ಮಾಡುತ್ತಿಲ್ಲ, ಗೊತ್ತು. ಆದರೂ ಯಾರಾದರೂ "ನಮ್ಮದು ತಗೊಳ್ಳುವಾಗ ಅದನ್ನು ಬಿಡಿ" ಅಂದ ದಿನ, ದಯವಿಟ್ಟು ಅವರನ್ನು ಮನೆಯಿಂದ ಹೊರಗೆ ಕಳಿಸಿ.

ಅಮ್ಮನಮಗ:

ಸರಿ, ಫೋಲಿಕ್ ಆಸಿಡ್ ವಿಷಯ ನನಗೆ ಗೊತ್ತಿರಲಿಲ್ಲ. ನಿಲ್ಲಿಸಬೇಡಿ ಅಂದದ್ದಕ್ಕೆ ಕ್ಷಮಿಸಿ. ಆದರೆ ವಿಟಮಿನ್ ಸಿ ಬಗ್ಗೆ ನನಗಿನ್ನೂ ನಂಬಿಕೆ ಇದೆ. ಎರಡು ನೊಬೆಲ್ ಪಡೆದ ವಿಜ್ಞಾನಿ ಲೈನಸ್ ಪೌಲಿಂಗ್ ಅವರೇ ಕ್ಯಾನ್ಸರಿಗೆ ವಿಟಮಿನ್ ಸಿ ಒಳ್ಳೆಯದು ಅಂದಿದ್ದರಲ್ಲ? ಅವರು ಸುಮ್ನೆ ಹೇಳುತ್ತಾರಾ?

ಔಷಧಿಪೆಟ್ಟಿಗೆ:

ಕ್ಷಮೆ ಬೇಡ, ಒಳ್ಳೆ ಮನಸ್ಸಿಂದಲೇ ಹೇಳಿದಿರಿ. ಪೌಲಿಂಗ್ ವಿಷಯ ಸರಿಯಾಗಿ ನೋಡೋಣ.

1976ರಲ್ಲಿ ಪೌಲಿಂಗ್ ಮತ್ತು ಸ್ಕಾಟ್ಲೆಂಡಿನ ಡಾಕ್ಟರ್ ಯೂವನ್ ಕ್ಯಾಮೆರಾನ್ ಸೇರಿ, ವಿಟಮಿನ್ ಸಿ ಪಡೆದ 100 ರೋಗಿಗಳು ಜಾಸ್ತಿ ದಿನ ಬದುಕಿದರು ಅಂತ ಬರೆದರು. ಆದರೆ ಹೋಲಿಕೆಗೆ ತಗೊಂಡದ್ದು ಆಸ್ಪತ್ರೆಯ ಹಳೇ ದಾಖಲೆಗಳಲ್ಲಿದ್ದ ರೋಗಿಗಳನ್ನು. ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿದ ಪ್ರಯೋಗ ಅದಲ್ಲ. ಆಮೇಲೆ ಮೇಯೋ ಕ್ಲಿನಿಕ್‌ನವರು 1979ರಲ್ಲೂ 1985ರಲ್ಲೂ ಸರಿಯಾದ ಪ್ರಯೋಗ ಮಾಡಿದರು. ದಿನಕ್ಕೆ 10 ಗ್ರಾಂ, ಬಾಯಿಂದ. ಎರಡರಲ್ಲೂ ಲಾಭ ಕಾಣಲಿಲ್ಲ. 1985ರ ಪ್ರಯೋಗದಲ್ಲಿ ಇದ್ದವರು ಕರುಳಿನ ಕ್ಯಾನ್ಸರ್ ರೋಗಿಗಳೇ.

ಬಾಯಿಂದ ಎಷ್ಟು ನುಂಗಿದರೂ ಕರುಳು ಒಂದು ಮಟ್ಟದವರೆಗೆ ಮಾತ್ರ ಹೀರಿಕೊಳ್ಳುತ್ತದೆ, ಉಳಿದದ್ದು ಹೊರಗೆ. ರಕ್ತನಾಳಕ್ಕೆ ಕೊಟ್ಟರೆ ಹತ್ತಾರು ಪಟ್ಟು ಮೇಲೇರುತ್ತದೆ, ಅದು ಬೇರೆಯದೇ ಔಷಧಿ ಅನ್ನಬಹುದು. ಅದರ ಮೇಲೆ ಈಗಲೂ ಸಂಶೋಧನೆ ನಡೆಯುತ್ತಿದೆ. ಹರಡಿದ ಕರುಳಿನ ಕ್ಯಾನ್ಸರಿನ 442 ರೋಗಿಗಳಿಗೆ ಕೀಮೋ ಜೊತೆ ಕೊಟ್ಟು ನೋಡಿದ ಚೀನಾದ ಪ್ರಯೋಗದಲ್ಲಿ ಒಟ್ಟಾರೆ ಲಾಭ ಸಿಗಲಿಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 34 ರೋಗಿಗಳ ಸಣ್ಣ ಪ್ರಯೋಗವೊಂದರಲ್ಲಿ, 2024ರಲ್ಲಿ, ಲಾಭ ಕಾಣಿಸಿತು. ಆಸೆ ಇದೆ, ಸುಳ್ಳಲ್ಲ, ಆದರೆ 34 ಜನ ಅಂದರೆ ತುಂಬಾ ಕಡಿಮೆ. ಅದನ್ನು ಕೊಡುವ ಮೊದಲು ಕಿಡ್ನಿ ನೋಡಬೇಕು, ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇದೆಯಾ ಅಂತ ಪರೀಕ್ಷೆ ಮಾಡಬೇಕು, ಕಡಿಮೆ ಇದ್ದವರಿಗೆ ಕೆಂಪು ರಕ್ತಕಣಗಳೇ ಒಡೆದುಹೋಗುತ್ತವೆ. ಮನೆಯಲ್ಲಿ ನುಂಗುವ 1000 ಮಿಲಿಗ್ರಾಂ ಮಾತ್ರೆಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ಕಡೆಯಿಂದಲೂ ಯೋಚನೆ ಮಾಡಿ. ರೇಡಿಯೇಷನ್ ಮತ್ತು ಕೆಲವು ಕೀಮೋ ಔಷಧಿಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವುದೇ ಫ್ರೀ ರಾಡಿಕಲ್ ಅನ್ನುವ, ಕೋಶಕ್ಕೆ ಪೆಟ್ಟು ಕೊಡುವ ಕಣಗಳನ್ನು ಹುಟ್ಟಿಸಿ. ನಾವು ಕೊಡುವ ವಿಟಮಿನ್ ಸಿಯಂಥ ಆಂಟಿಆಕ್ಸಿಡೆಂಟ್ ಅವನ್ನೇ ತಣ್ಣಗೆ ಮಾಡುತ್ತದೆ. ಅದು ಒಳ್ಳೆ ಕೋಶವನ್ನಷ್ಟೇ ಕಾಪಾಡುತ್ತದೆ ಅಂತ ಯಾರು ಹೇಳಿದರು? 2020ರಲ್ಲಿ ಸ್ತನ ಕ್ಯಾನ್ಸರಿನ 1134 ರೋಗಿಗಳನ್ನು ಗಮನಿಸಿದ ಅಧ್ಯಯನದಲ್ಲಿ, ಕೀಮೋಗೆ ಮುಂಚೆ ಮತ್ತು ಕೀಮೋ ನಡೆಯುವಾಗ ಆಂಟಿಆಕ್ಸಿಡೆಂಟ್ ತಗೊಂಡವರಲ್ಲಿ ಕಾಯಿಲೆ ಮರಳಿ ಬರುವುದು ಜಾಸ್ತಿ ಇದ್ದ ಹಾಗೆ ಕಂಡಿತು. ಖಚಿತ ಸಾಬೀತು ಅಲ್ಲ. ಆದರೆ ಲಾಭ ಖಚಿತ ಇಲ್ಲದ ಕಡೆ ಇಷ್ಟು ಅನುಮಾನ ಇದ್ದರೂ ನಾನು ನನ್ನ ಮನೆಯವರಿಗೆ ಕೊಡುವುದಿಲ್ಲ.

ಶುಂಠಿ ವಿಷಯದಲ್ಲಿ ನೀವು ಸರಿ. 2012ರಲ್ಲಿ 576 ರೋಗಿಗಳ ಪ್ರಯೋಗ ನಡೆಯಿತು. ಕೀಮೋಗೆ ಮೂರು ದಿನ ಮುಂಚಿನಿಂದ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ಶುಂಠಿ ಕ್ಯಾಪ್ಸೂಲ್ ತಗೊಂಡವರಿಗೆ ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಆದರೆ ವಾಂತಿ ತಡೆಯುವ ಔಷಧಿ ಬಿಟ್ಟಲ್ಲ, ಅದರ ಜೊತೆಗೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ, ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಅದಕ್ಕೂ ಕೇಳಬೇಕು.

ಕಿಟಕಿಬೆಳಕು:

ಬೆಳಗ್ಗೆ ಫೋನ್ ಮಾಡಿದೆ. ನರ್ಸ್ ಭೇದಿ ಎಷ್ಟು ಸಲ, ಜ್ವರ ಇದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ ಅಂತ ಒಂದೊಂದೇ ಕೇಳಿ ಬರೆದುಕೊಂಡರು. ಇವತ್ತೇ ಬನ್ನಿ, ರಕ್ತ ನೋಡೋಣ ಅಂದರು. "ಬರುವಾಗ ಡಬ್ಬಿಗಳನ್ನೆಲ್ಲಾ ಚೀಲಕ್ಕೆ ಹಾಕಿಕೊಂಡು ಬನ್ನಿ" ಅಂದಾಗ ನನಗೆ ಸಿಕ್ಕಿಬಿದ್ದ ಹಾಗೆ ಅನಿಸಿತ್ತು. ಅವರ ದನಿಯಲ್ಲಿ ಹಾಗೇನೂ ಇರಲಿಲ್ಲ.

ಡಾಕ್ಟರ್ ಸಿಕ್ಕರು. ಏಳು ಡಬ್ಬಿಯನ್ನೂ ಮೇಜಿನ ಮೇಲೆ ಇಟ್ಟೆ. ಅವರು ಬೈಯಲಿಲ್ಲ. ಫಾರ್ಮಸಿಸ್ಟನ್ನೂ ಕರೆಸಿ, ಒಂದೊಂದನ್ನೇ ಕೈಗೆ ತಗೊಂಡು "ಇದು ಯಾವುದಕ್ಕೆ ಅಂತ ಕೊಡುತ್ತಿದ್ದೀರಿ?" ಅಂತ ಕೇಳಿದರು. ಏಳರಲ್ಲಿ ನಾಲ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಹೇಳಿದ್ದು ಹೀಗೆ. ಮಲ್ಟಿವಿಟಮಿನ್ ಕೆಪೆಸಿಟಬಿನ್ ಇರುವವರೆಗೂ ಬೇಡ. ವಿಟಮಿನ್ ಸಿ ಬೇಡ. ಕರ್ಕ್ಯುಮಿನ್ ಬೇಡ, ಯಾಕೆಂದರೆ ಅದರಲ್ಲಿ ಕಾಳುಮೆಣಸಿನ ಸಾರ ಹಾಕಿರುವುದೇ ದೇಹ ಅದನ್ನು ಬೇಗ ಹೊರಹಾಕದಿರಲಿ ಅಂತ, ಆದರೆ ಹಾಗೆ ತಡೆಯುವಾಗ ಬೇರೆ ಔಷಧಿಗಳ ಲೆಕ್ಕವೂ ಏರುಪೇರಾಗಬಹುದು. ಟ್ಯಾಮಾಕ್ಸಿಫೆನ್ ಅನ್ನುವ ಸ್ತನ ಕ್ಯಾನ್ಸರಿನ ಹಾರ್ಮೋನ್ ಮಾತ್ರೆ ತಗೊಳ್ಳುವವರಲ್ಲಿ ಆ ಔಷಧಿಯ ಮಟ್ಟ ಸ್ವಲ್ಪ ಇಳಿದದ್ದನ್ನು ಅಳೆದಿದ್ದಾರಂತೆ. ಅಡುಗೆಗೆ ಹಾಕುವ ಅರಿಶಿನಕ್ಕೆ ಏನೂ ಅಭ್ಯಂತರ ಇಲ್ಲ. ಗ್ರೀನ್ ಟೀ ಸಾರ ಮತ್ತು ಅಶ್ವಗಂಧ ಎರಡರಿಂದಲೂ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳಿವೆ, ಕೀಮೋ ನಡುವೆ ಲಿವರ್ ಪರೀಕ್ಷೆ ಏರಿದರೆ ಯಾವುದರಿಂದ ಏರಿತು ಅಂತ ಗೊತ್ತಾಗದೆ ಕೀಮೋ ನಿಲ್ಲಿಸಬೇಕಾಗುತ್ತದೆ. ಮೀನೆಣ್ಣೆ ಬಗ್ಗೆ ನನಗೆ ಆಶ್ಚರ್ಯ ಆಯಿತು. ಅದರಲ್ಲಿರುವ ಒಂದು ಕೊಬ್ಬಿನಾಮ್ಲ ಆಕ್ಸಾಲಿಪ್ಲಾಟಿನ್ ಗುಂಪಿನ ಔಷಧಿಯ ಕೆಲಸವನ್ನು ಇಲಿಗಳಲ್ಲಿ ತಡೆಯಿತು ಅಂತ ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರಂತೆ. ಮನುಷ್ಯರಲ್ಲಿ ಹಾಗೇ ಆಗುತ್ತದೆ ಅಂತ ಸಾಬೀತಾಗಿಲ್ಲ, ಆದರೂ ಕೀಮೋ ಮುಗಿಯುವವರೆಗೆ ಪಕ್ಕಕ್ಕಿಡಿ ಅಂದರು.

ಕೊನೆಯದು ಆ ಕಾರ್ನಿಟಿನ್. ನನ್ನ ಅಣ್ಣ ತುಂಬಾ ಓದಿ, ಆಸೆಯಿಂದ ಕಳಿಸಿದ್ದ. ಬೆರಳ ಜೋಮಿಗೆ ಅದು ಒಳ್ಳೆಯದು ಅನ್ನುವ ನಂಬಿಕೆಯಿಂದಲೇ ಸ್ತನ ಕ್ಯಾನ್ಸರಿನ 409 ಮಹಿಳೆಯರಲ್ಲಿ ಪ್ರಯೋಗ ಮಾಡಿದ್ದರಂತೆ, 2013ರಲ್ಲಿ ಪ್ರಕಟವಾಗಿದೆ. 24 ವಾರಕ್ಕೆ ನೋಡಿದರೆ ಅದನ್ನು ತಗೊಂಡವರಿಗೆ ಜೋಮು ಜಾಸ್ತಿಯಾಗಿತ್ತು. ಕೀಮೋ ಔಷಧಿ ಬೇರೆ, ಆದರೂ ಇನ್ನು ಯಾರೂ ಧೈರ್ಯವಾಗಿ ಕೊಡುವುದಿಲ್ಲ ಅಂದರು. ಅಣ್ಣನಿಗೆ ಫೋನ್ ಮಾಡಿ ಹೇಳುವುದು ಕಷ್ಟವಾಯಿತು. ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ "ಮತ್ತೆ ನಾನು ಇಲ್ಲಿಂದ ಏನು ಕಳಿಸಲಿ?" ಅಂದ.

ರಕ್ತ ಪರೀಕ್ಷೆ ಪರವಾಗಿಲ್ಲ. ಮೂರನೇ ಸುತ್ತು ಒಂದು ವಾರ ಮುಂದೆ ಹೋಗಿದೆ. ಪ್ರಮಾಣ ಇಳಿಸುವ ಬಗ್ಗೆ ಅಂಗೈ ಮತ್ತೆ ನೋಡಿ ಹೇಳುತ್ತಾರಂತೆ. ವಿಟಮಿನ್ ಡಿ ಮಟ್ಟ ಅಳೆಯಲು ರಕ್ತ ಕೊಟ್ಟಿದ್ದೇವೆ, ಕಡಿಮೆ ಇದ್ದರೆ ಅವರೇ ಬರೆದುಕೊಡುತ್ತಾರೆ.

ಹಳೆಹೆಜ್ಜೆ ಅವರೇ, ವಾಪಸ್ ಬರುವಾಗ ಅಪ್ಪನನ್ನು ಕೇಳಿದೆ. ಕಿಟಕಿ ಕಡೆ ನೋಡುತ್ತಾ, "ನಿನಗೆ ಸಮಾಧಾನ ಆಗಲಿ ಅಂತ ನುಂಗುತ್ತಿದ್ದೆ ಮಗಳೇ" ಅಂದರು.

ತಕ್ಕಡಿ:

ನಾನು ಆಹಾರತಜ್ಞೆ, ಕ್ಯಾನ್ಸರ್ ರೋಗಿಗಳ ಜೊತೆಗೇ ಕೆಲಸ. ಏಳು ಡಬ್ಬಿಯ ಮಾತು ಇಷ್ಟು ಆಯಿತು, ಅಪ್ಪನ ತೂಕ ಎಷ್ಟು ಇಳಿದಿದೆ ಅಂತ ಯಾರೂ ಕೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಕೀಮೋ ತಡೆದುಕೊಳ್ಳಲು ಬೇಕಾದದ್ದು ಮಾಂಸಖಂಡ. ಅದು ಕರಗಿದರೆ ಸುಸ್ತು ಜಾಸ್ತಿ, ಸೋಂಕು ಜಾಸ್ತಿ, ಔಷಧಿಯ ಅಡ್ಡಪರಿಣಾಮವೂ ಜಾಸ್ತಿ. ಯುರೋಪಿನ ಪೋಷಣೆ ತಜ್ಞರ ಮಾರ್ಗಸೂಚಿ ಹೇಳುವುದು, ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂಗಿಂತ ಜಾಸ್ತಿ ಪ್ರೋಟೀನ್, ಸಾಧ್ಯವಾದರೆ ಒಂದೂವರೆ ಗ್ರಾಂವರೆಗೆ. ಅಪ್ಪ 60 ಕಿಲೋ ಇದ್ದರೆ 60ರಿಂದ 90 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಒಂದೇ ಸಲ ತಟ್ಟೆ ತುಂಬ ಕೊಟ್ಟರೆ ಅವರಿಗೆ ನೋಡಿಯೇ ಸಾಕಾಗುತ್ತದೆ. ಸ್ವಲ್ಪ ಸ್ವಲ್ಪ, ಎರಡೆರಡು ಗಂಟೆಗೆ. ವಾಕರಿಕೆ ಕಡಿಮೆ ಇರುವ ಹೊತ್ತು ಯಾವುದು ಅಂತ ಗಮನಿಸಿ, ಹೆಚ್ಚಿನವರಿಗೆ ಬೆಳಗ್ಗೆ. ಪ್ರೋಟೀನ್ ಭರಿತ ಆಹಾರ ಆ ಹೊತ್ತಿಗೆ ಕೊಡಿ. ಆಕ್ಸಾಲಿಪ್ಲಾಟಿನ್ ಆದ ಮೊದಲ ಕೆಲವು ದಿನ ತಣ್ಣನೆಯದು ಏನೂ ಬೇಡ, ಗಂಟಲು ಹಿಡಿದ ಹಾಗೆ ಆಗುತ್ತದೆ. ಊಟದಿಂದ ಪ್ರೋಟೀನ್ ಸಾಲದಿದ್ದರೆ ಪುಡಿ ಬಳಸಬಹುದು, ಅದೂ ಪೂರಕವೇ, ಕೆಲಸಕ್ಕೆ ಬರುವ ಪೂರಕ. ಆದರೆ ಅದರ ಡಬ್ಬಿಯ ಹಿಂದೆಯೂ ಫೋಲಿಕ್ ಆಸಿಡ್ ಇದೆಯಾ ನೋಡಿ, ಎಷ್ಟೋ ಪುಡಿಗಳಿಗೆ ವಿಟಮಿನ್ ಬೆರೆಸಿರುತ್ತಾರೆ.

ವಾರಕ್ಕೊಮ್ಮೆ ಒಂದೇ ದಿನ, ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ನಿಮ್ಮ ಕೈಗೆ ಒಂದು ಕೆಲಸ ಬೇಕು ಅಂದಿರಲ್ಲ, ಇದು ನಿಜವಾದ ಕೆಲಸ. ಡಾಕ್ಟರಿಗೆ ಆ ಪುಸ್ತಕ ತೋರಿಸಿದರೆ ಅವರಿಗೂ ಬಲ ಬರುತ್ತದೆ.

ಔಷಧಿಪೆಟ್ಟಿಗೆ:

ಒಳ್ಳೆಯದಾಯಿತು. ಆ ಡಾಕ್ಟರ್ ಕೇಳಿದ ಪ್ರಶ್ನೆ, ಯಾವುದಕ್ಕೆ ಅಂತ, ಅದನ್ನೇ ನಾನೂ ಎಲ್ಲರಿಗೂ ಕೇಳುತ್ತೇನೆ.

ಬೇರೆಯವರು ಓದುತ್ತಿದ್ದರೆ ಅಂತ ಎರಡು ಮೂರು ವಿಷಯ ಸೇರಿಸುತ್ತೇನೆ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ತಗೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಮುಂಚೆ ಹೇಳಿ. ಥೈರಾಯ್ಡ್, ಹೃದಯದ ಟ್ರೊಪೋನಿನ್, ಇನ್ನೂ ಕೆಲವು ಪರೀಕ್ಷೆಗಳು ತಪ್ಪು ಅಂಕಿ ತೋರಿಸಬಹುದು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಮನಸ್ಸಿನ ಬೇಜಾರಿಗೆ ಅಂತ ಕೊಡುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆಯನ್ನು ಕೀಮೋ ಜೊತೆ ಮುಟ್ಟಲೇಬೇಡಿ. ಅದು ಲಿವರ್‌ನ ಕಿಣ್ವಗಳನ್ನು ಚುರುಕು ಮಾಡಿ ಔಷಧಿಯನ್ನು ಬೇಗ ಒಡೆದು ಹಾಕಿಸುತ್ತದೆ. ಇರಿನೋಟೆಕಾನ್ ಅನ್ನುವ ಕೀಮೋ ಔಷಧಿ ಪಡೆಯುತ್ತಿದ್ದ ಐವರಲ್ಲಿ ಅಳೆದು ನೋಡಿದಾಗ ಔಷಧಿಯ ಕೆಲಸ ಮಾಡುವ ರೂಪ 42 ಶೇಕಡಾ ಇಳಿದಿತ್ತು. ಡ್ರಿಪ್ ಪೂರ್ತಿ ಹೋಗಿರುತ್ತದೆ, ಅಡ್ಡಪರಿಣಾಮ ಕಡಿಮೆ ಇದೆ ಅಂತ ಮನೆಯವರು ಖುಷಿಪಡುತ್ತಾರೆ, ಒಳಗೆ ಔಷಧಿ ಅರ್ಧದಷ್ಟೇ ಕೆಲಸ ಮಾಡುತ್ತಿರುತ್ತದೆ. ನನ್ನನ್ನು ಜಾಸ್ತಿ ಹೆದರಿಸುವುದು ಇದೇ, ಹೊರಗೆ ಏನೂ ಕಾಣುವುದಿಲ್ಲ. ಪ್ರೋಬಯಾಟಿಕ್ ಕೂಡ ಬಿಳಿ ರಕ್ತಕಣ ತೀರಾ ಇಳಿದಾಗ ಕೇಳದೆ ಕೊಡಬೇಡಿ, ಆ ಬ್ಯಾಕ್ಟೀರಿಯಾ ಜೀವಂತ ಇರುತ್ತವೆ, ರಕ್ತಕ್ಕೆ ಸೇರಿದ ಉದಾಹರಣೆಗಳಿವೆ.

ಅಮ್ಮನಮಗ:

ನಿನ್ನೆ ಅಮ್ಮನ ಹಳೇ ಫೈಲ್ ತೆಗೆದು ನೋಡಿದೆ. ಅವರ ಕೀಮೋದಲ್ಲಿ ಕೆಪೆಸಿಟಬಿನ್ ಇರಲಿಲ್ಲ, 5-ಎಫ್‌ಯುವೂ ಇರಲಿಲ್ಲ. ವಿಟಮಿನ್ ಡಿ ಡಾಕ್ಟರೇ ಬರೆದಿದ್ದರು, ಮೂಳೆಯ ಇಂಜೆಕ್ಷನ್ ಇತ್ತು ಅಂತ, ಕ್ಯಾಲ್ಸಿಯಂ ಜೊತೆಗೆ. ನಾವು ಅದನ್ನೂ ನಮ್ಮದೇ ಉಪಾಯ ಅಂತ ನೆನಪಿಟ್ಟುಕೊಂಡಿದ್ದೆವು. ವಿಟಮಿನ್ ಸಿ ಮಾತ್ರ ನಾವಾಗಿ ಕೊಟ್ಟದ್ದು, ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ. ಕನಿಷ್ಠ ಇಬ್ಬರು ನನ್ನ ಮಾತು ಕೇಳಿ ಶುರು ಮಾಡಿದ್ದಾರೆ. ಇವತ್ತು ಇಬ್ಬರಿಗೂ ಫೋನ್ ಮಾಡುತ್ತೇನೆ.

ಮೊದಲಮಳೆ:

ಎಲ್ಲಾ ಓದಿದೆ. ನನ್ನ ತಾಯಿಗೆ ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಒಂದು ಕ್ಯಾನ್ಸರ್), ವಾರಕ್ಕೊಮ್ಮೆ ಬೋರ್ಟೆಜೊಮಿಬ್ ಇಂಜೆಕ್ಷನ್. ಮೂರು ತಿಂಗಳಿಂದ ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಕೊಡುತ್ತಿದ್ದೇನೆ, ವಿಟಮಿನ್ ಸಿಯೂ ಇದೆ. ನಿಲ್ಲಿಸಬೇಕಾ? ಕೈ ನಡುಗುತ್ತಿದೆ.

ಔಷಧಿಪೆಟ್ಟಿಗೆ:

ಇವತ್ತಿನಿಂದಲೇ ಎರಡನ್ನೂ ನಿಲ್ಲಿಸಿ, ಇಂಜೆಕ್ಷನ್ ಮಾತ್ರ ತಪ್ಪಿಸಬೇಡಿ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಅನ್ನುವ ಅಂಶ ಬೋರ್ಟೆಜೊಮಿಬ್‌ಗೆ ನೇರವಾಗಿ ಅಂಟಿಕೊಂಡು ಅದನ್ನು ಕೆಲಸ ಮಾಡದ ಹಾಗೆ ಮಾಡುತ್ತದೆ ಅಂತ 2009ರಲ್ಲಿ ಪ್ರಯೋಗಾಲಯದಲ್ಲೂ ಇಲಿಗಳಲ್ಲೂ ತೋರಿಸಿದ್ದಾರೆ. ವಿಟಮಿನ್ ಸಿ ಜಾಸ್ತಿ ಪ್ರಮಾಣದಲ್ಲಿ ಹೋದರೂ ಇದೇ ಥರದ ಅನುಮಾನ ಇದೆ. ನಿಮ್ಮ ತಾಯಿಯಲ್ಲಿ ಹಾಗೆ ಆಗಿದೆ ಅಂತ ಅರ್ಥ ಅಲ್ಲ. ಕಾಯಿಲೆಯ ಮಟ್ಟ ಅಳೆಯುವ ರಕ್ತ ಪರೀಕ್ಷೆ ಮುಂದಿನದು ಯಾವಾಗ ಇದೆ ನೋಡಿ, ಅದಕ್ಕೆ ಮುಂಚೆ ಡಾಕ್ಟರಿಗೆ ಈ ಮೂರು ತಿಂಗಳ ವಿಷಯ ಹೇಳಿ. ದಿನಾಂಕ ಸಮೇತ.

ಕಿಟಕಿಬೆಳಕು:

ಮೊದಲಮಳೆ, ನಾನು ಹತ್ತು ದಿನದ ಹಿಂದೆ ನೀವು ಕೂತ ಜಾಗದಲ್ಲೇ ಕೂತಿದ್ದೆ. ಅವರು ಬೈಯುವುದಿಲ್ಲ, ಹೋಗಿ. ಡಬ್ಬಿ ತಗೊಂಡು ಹೋಗಲು ಆಗದಿದ್ದರೆ ಫೋಟೋ ತೆಗೆದುಕೊಳ್ಳಿ, ಮುಂಭಾಗದ್ದಲ್ಲ, ಹಿಂಭಾಗದ್ದು. ಕಾಗದ ಮಡಿಕೆ ಬಿದ್ದಿದ್ದರೆ ಉಗುರಿನಲ್ಲಿ ಸರಿಮಾಡಿ ತೆಗೆಯಿರಿ.

ಅಪ್ಪನ ಭೇದಿ ನಿಂತಿದೆ. ಅಂಗೈ ಇನ್ನೂ ಕೆಂಪಿದೆ, ಆದರೆ ಇವತ್ತು ಗುಂಡಿ ತಾವೇ ಹಾಕಿಕೊಂಡರು. ತೂಕ 58.4. ಬರೆದಿಟ್ಟಿದ್ದೇನೆ.